ಆಟದ ನಡುವೆ ತಾನಾಗಿಯೇ ರೀಸ್ಟಾರ್ಟ್ ಆಗುವ ಕಂಪ್ಯೂಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿರುವ ಪದವಿ ವಿದ್ಯಾರ್ಥಿ. ನನ್ನ ಗೇಮಿಂಗ್ ಡೆಸ್ಕ್‌ಟಾಪ್‌ನಲ್ಲಿ ರೈಜನ್ 5 5600 ಪ್ರೊಸೆಸರ್, 16 ಜಿಬಿ ರ‍್ಯಾಮ್ ಹಾಗೂ 550 ವ್ಯಾಟ್‌ನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಪವರ್ ಸಪ್ಲೈ ಡಬ್ಬಿ) ಇವೆ. ಮೊದಲು ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇತ್ತು. ಕಳೆದ ದೀಪಾವಳಿಯಲ್ಲಿ ಅದನ್ನು ಮಾರಿ, ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3070 ಹಾಕಿಸಿದೆ. ಅಂದಿನಿಂದ ಆಟ ಆಡುವಾಗ ಪರದೆ ಒಮ್ಮೆಲೇ ಕಪ್ಪಾಗಿ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ. ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆಯಾಗಲಿ, ಎಚ್ಚರಿಕೆಯಾಗಲಿ ಬರುವುದಿಲ್ಲ. ಕೆಲವು ದಿನ ಮೂರು ತಾಸು ಆಡಿದರೂ ಏನೂ ಆಗದು. ಕೆಲವು ಸಂಜೆ ಹತ್ತು ನಿಮಿಷವೂ ನಡೆಯದು. ಅಪರೂಪಕ್ಕೆ ಸುಮ್ಮನೆ ಇಟ್ಟಿರುವಾಗಲೂ ಹೀಗಾಗಿದೆ. ಅಂಗಡಿಯವರು ವಿಂಡೋಸ್ ಹೊಸದಾಗಿ ಹಾಕಿಕೊಟ್ಟರೂ ಪ್ರಯೋಜನವಾಗಲಿಲ್ಲ. ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸುವ ಇವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲ ‘ಕರ್ನಲ್-ಪವರ್ 41’ ಎಂದು ಕಾಣುತ್ತದೆ. ಒಬ್ಬರು ಕಾರ್ಡ್ ಕೆಟ್ಟಿದೆ ಎನ್ನುತ್ತಾರೆ, ಇನ್ನೊಬ್ಬರು ಮದರ್‌ಬೋರ್ಡ್ ಬದಲಿಸಿ ಎನ್ನುತ್ತಾರೆ. ನಮ್ಮ ಮನೆ ಅಕ್ಕಿ ಗಿರಣಿಗಳ ಹತ್ತಿರವಿದ್ದು, ಮನೆಯಲ್ಲಿ ಇನ್ವರ್ಟರ್ ಇದೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಇನ್ನು ಒಂದೇ ಒಂದು ಭಾಗಕ್ಕೆ ಹಣ ಕೊಡುವುದಾಗಿ ತಂದೆಯವರು ಹೇಳಿದ್ದಾರೆ. ಯಾವುದನ್ನು ಬದಲಿಸಲಿ?

ಉತ್ತರ: ಸದ್ಯಕ್ಕೆ ಯಾವುದನ್ನೂ ಬದಲಿಸಬೇಡಿ. ನಿಮ್ಮ ಪತ್ರದಲ್ಲಿರುವ ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕಾರ್ಡ್ ಅಥವಾ ಮದರ್‌ಬೋರ್ಡ್ ಕೆಟ್ಟಿರುವುದಕ್ಕಿಂತ, ಕಂಪ್ಯೂಟರ್‌ಗೆ ಬರುತ್ತಿರುವ ವಿದ್ಯುತ್ತಿನಲ್ಲಿ ಮತ್ತು ಅದನ್ನು ಹಂಚುವ ಎಸ್‌ಎಂಪಿಎಸ್‌ನಲ್ಲಿ ದೋಷವಿರುವ ಸಾಧ್ಯತೆಯೇ ಹೆಚ್ಚು. ಆದರೆ ಇವೆರಡರಲ್ಲಿ ಯಾವುದರ ಪಾಲು ಎಷ್ಟು ಎಂಬುದನ್ನು ಹಣ ಖರ್ಚು ಮಾಡುವ ಮೊದಲೇ ತಿಳಿದುಕೊಳ್ಳಲು ದಾರಿಗಳಿವೆ, ಮತ್ತು ಅವುಗಳಲ್ಲಿ ಹೆಚ್ಚಿನವಕ್ಕೆ ಪೈಸೆಯೂ ತಗಲುವುದಿಲ್ಲ.

ಮೊದಲು ‘41’ರ ವಿಷಯ. ಅದನ್ನು ಕಂಡು ಅನೇಕರು ರೋಗ ಸಿಕ್ಕಿತೆಂದು ಭಾವಿಸುತ್ತಾರೆ. ಅದು ಘಟನೆ ನಡೆದ ಮೇಲೆ ಬರೆದ ಪಂಚನಾಮೆ ಇದ್ದಂತೆ. ಕ್ರಮವಾಗಿ ಶಟ್‌ಡೌನ್ ಆಗದೆ ಕಂಪ್ಯೂಟರ್ ನಿಂತುಹೋಗಿತ್ತು ಎಂಬುದನ್ನು ವಿಂಡೋಸ್ ಮರಳಿ ಎದ್ದ ಮೇಲೆ ಗಮನಿಸಿ ದಾಖಲಿಸುತ್ತದೆ, ಕಾರಣವನ್ನು ಹೇಳುವುದಿಲ್ಲ. ಆ ದಾಖಲೆಯನ್ನು ತೆರೆದು ‘ಡೀಟೇಲ್ಸ್’ ವಿಭಾಗದಲ್ಲಿ ‘ಬಗ್‌ಚೆಕ್ ಕೋಡ್’ ಎಂಬ ಸಾಲನ್ನು ನೋಡಿ. ಅಲ್ಲಿ 0 ಇದ್ದರೆ, ವಿಂಡೋಸ್‌ಗೆ ತನ್ನ ಕೊನೆಯ ಮಾತನ್ನು ಬರೆದಿಡಲೂ ಸಮಯ ಸಿಕ್ಕಿಲ್ಲ ಎಂದರ್ಥ. ವಿದ್ಯುತ್ ಕಡಿತವಾದಾಗ ಅಥವಾ ಯಂತ್ರಾಂಶವೇ ಹಠಾತ್ತನೆ ರೀಸೆಟ್ ಆದಾಗ ಹೀಗಾಗುತ್ತದೆ. ಬೇರೆ ಸಂಖ್ಯೆ ಇದ್ದರೆ ನೀಲಿ ಪರದೆ ಬಂದಿತ್ತು, ನೀವು ನೋಡುವಷ್ಟರಲ್ಲಿ ಮರೆಯಾಗಿತ್ತು. ಈ ಸಂದೇಹವನ್ನು ಪೂರ್ಣವಾಗಿ ನಿವಾರಿಸಿಕೊಳ್ಳಲು ಸಿಸ್ಟಮ್ ಪ್ರಾಪರ್ಟೀಸ್‌ನ ‘ಅಡ್ವಾನ್ಸ್ಡ್’ ವಿಭಾಗದಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’ ಎಂಬಲ್ಲಿಗೆ ಹೋಗಿ, ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಎದುರಿನ ಗುರುತನ್ನು ತೆಗೆದುಬಿಡಿ. ಇದಾದ ಮೇಲೂ ಪರದೆ ನೀಲಿಯಾಗಿ ನಿಲ್ಲದೆ ಕಂಪ್ಯೂಟರ್ ರೀಸ್ಟಾರ್ಟ್ ಆದರೆ, ವಿಂಡೋಸನ್ನು ಮತ್ತೆ ಮತ್ತೆ ಹಾಕಿಸುವುದರಿಂದ ಏನೂ ಸಿಗುವುದಿಲ್ಲ.

ಇಂತಹ ರೀಸೆಟ್ ಹೇಗೆ ಆಗುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ದಾರಿ ಸುಲಭವಾಗುತ್ತದೆ. ಎಸ್‌ಎಂಪಿಎಸ್ ತನ್ನಿಂದ ಹೊರಡುವ ವೋಲ್ಟೇಜುಗಳೆಲ್ಲ ಸರಿಯಾಗಿವೆ ಎಂಬುದನ್ನು ‘ಪವರ್ ಗುಡ್’ ಎಂಬ ಒಂದು ತಂತಿಯ ಮೂಲಕ ಮದರ್‌ಬೋರ್ಡ್‌ಗೆ ಸದಾ ತಿಳಿಸುತ್ತಿರುತ್ತದೆ. ಆ ಸಂಕೇತ ಒಂದು ಕ್ಷಣ ತಪ್ಪಿದರೂ ಬೋರ್ಡ್ ಎಲ್ಲವನ್ನೂ ನಿಲ್ಲಿಸಿ ಮೊದಲಿನಿಂದ ಶುರುಮಾಡುತ್ತದೆ. ಗೋಡೆಯ ಕರೆಂಟ್ ಕ್ಷಣಕಾಲ ಕಡಿದರೂ ಎಸ್‌ಎಂಪಿಎಸ್ ತನ್ನ ಕೆಪ್ಯಾಸಿಟರ್‌ನಲ್ಲಿ ಕೂಡಿಟ್ಟ ಶಕ್ತಿಯಿಂದ ಸ್ವಲ್ಪ ಹೊತ್ತು ತಡೆದುಕೊಳ್ಳಬೇಕು. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳಿಗಿರುವ ಎಟಿಎಕ್ಸ್ ಮಾನದಂಡದ ಪ್ರಕಾರ ಈ ಅವಧಿ ಸುಮಾರು 16 ಮಿಲಿಸೆಕೆಂಡ್. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತನಕ್ಕೆ 20 ಮಿಲಿಸೆಕೆಂಡ್ ಬೇಕು. ಅಂದರೆ ಒಂದೇ ಒಂದು ಆವರ್ತನ ತಪ್ಪಿದರೂ, ಪೂರ್ಣ ಹೊರೆಯಲ್ಲಿರುವ ಒಳ್ಳೆಯ ಎಸ್‌ಎಂಪಿಎಸ್ ಕೂಡ ಕೈಬಿಡಬಹುದು. ಅಗ್ಗದ ಮಾದರಿಗಳು ಅದಕ್ಕಿಂತ ಮೊದಲೇ ಕೈಬಿಡುತ್ತವೆ.

ಇಲ್ಲಿಯೇ ನಿಮ್ಮ ಸಮಸ್ಯೆಯ ಗಂಟು ಇದೆ ಎಂದು ನನಗೆ ಅನ್ನಿಸುತ್ತದೆ. ಕೂಡಿಟ್ಟ ಶಕ್ತಿ ಎಷ್ಟು ಹೊತ್ತು ಬರುತ್ತದೆ ಎಂಬುದು ಆ ಹೊತ್ತಿನ ಹೊರೆಯನ್ನು ಅವಲಂಬಿಸಿದೆ. ಜಿಟಿಎಕ್ಸ್ 1650 ಬಳಸುತ್ತಿದ್ದುದು 75 ವ್ಯಾಟ್; ಆರ್‌ಟಿಎಕ್ಸ್ 3070 ಬಳಸುವುದು 220 ವ್ಯಾಟ್. ಮೊದಲೂ ನಿಮ್ಮ ಮನೆಯಲ್ಲಿ ವೋಲ್ಟೇಜ್ ಕುಸಿಯುತ್ತಿದ್ದಿರಬಹುದು, ಆದರೆ ಹಳೆಯ ಕಾರ್ಡಿನ ಹಗುರ ಹೊರೆಯಲ್ಲಿ ಎಸ್‌ಎಂಪಿಎಸ್ ಅದನ್ನು ದಾಟಿಕೊಂಡು ಹೋಗುತ್ತಿತ್ತು. ಈಗ ಅದೇ ಕುಸಿತ ಬ್ರೌಸಿಂಗ್ ಮಾಡುವಾಗ ಬಂದರೆ ನಿಮಗೆ ಗೊತ್ತೇ ಆಗುವುದಿಲ್ಲ, ಆಟದ ನಡುವೆ ಬಂದರೆ ರೀಸ್ಟಾರ್ಟ್ ಆಗುತ್ತದೆ. ಒಂದು ದಿನ ಮೂರು ತಾಸು ನಡೆದು ಇನ್ನೊಂದು ಸಂಜೆ ಹತ್ತು ನಿಮಿಷಕ್ಕೇ ನಿಲ್ಲುವುದು ಇದಕ್ಕೆ ಹೊಂದಿಕೊಳ್ಳುತ್ತದೆ, ಏಕೆಂದರೆ ಕೆಟ್ಟುಹೋದ ಕಾರ್ಡ್ ಸಂಜೆ ಯಾವುದು, ಹಗಲು ಯಾವುದು ಎಂದು ನೋಡುವುದಿಲ್ಲ.

ಗಿರಣಿಗಳ ಹತ್ತಿರ ಮನೆಯಿದೆ ಎಂದು ಬರೆದು ಬಹಳ ಒಳ್ಳೆಯದು ಮಾಡಿದಿರಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಗಿರಣಿಯ ಇಂಡಕ್ಷನ್ ಮೋಟಾರನ್ನು ನೇರವಾಗಿ ಚಾಲೂ ಮಾಡಿದರೆ ಆರಂಭದ ಕ್ಷಣಗಳಲ್ಲಿ ಅದು ತನ್ನ ಎಂದಿನ ಕರೆಂಟಿನ ಐದರಿಂದ ಏಳು ಪಟ್ಟು ಎಳೆಯುತ್ತದೆ. ಮೋಟಾರನ್ನು ಮೆಲ್ಲಗೆ ಚಾಲೂ ಮಾಡುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ ಅದು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಆದರೂ ಅದೇ ಮಾರ್ಗದ ಮನೆಗಳಲ್ಲಿ ದೀಪ ಮಂಕಾಗುವಷ್ಟು ಕುಸಿತ ಆಗಬಹುದು. ಆದ್ದರಿಂದ ಒಂದು ವಾರ ಈ ಕೆಲಸ ಮಾಡಿ: ಪ್ರತಿ ರೀಸ್ಟಾರ್ಟ್‌ನ ಸಮಯವನ್ನು ಇವೆಂಟ್ ವ್ಯೂವರ್‌ನಿಂದ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆ ಕ್ಷಣದಲ್ಲಿ ಟ್ಯೂಬ್‌ಲೈಟ್ ಮಿನುಗಿತೇ, ಸೀಲಿಂಗ್ ಫ್ಯಾನಿನ ವೇಗ ಇಳಿಯಿತೇ, ಫ್ರಿಜ್ಜಿನ ಸ್ಟೆಬಿಲೈಸರ್ ‘ಟಕ್’ ಎಂದಿತೇ, ಇನ್ವರ್ಟರ್ ಬೀಪ್ ಮಾಡಿತೇ ಎಂದು ಮನೆಯವರನ್ನು ಕೇಳಿ ಪಕ್ಕದಲ್ಲಿ ಗುರುತು ಹಾಕಿ. ವಾರದ ಕೊನೆಗೆ ಆ ಪುಟ ಯಾವ ಮೆಕ್ಯಾನಿಕ್‌ಗಿಂತಲೂ ಚೆನ್ನಾಗಿ ಉತ್ತರ ಕೊಡುತ್ತದೆ.

ಜೊತೆಗೆ ಪರಿಚಿತ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು, ಆಟ ನಡೆಯುತ್ತಿರುವಾಗಲೇ ಪಕ್ಕದ ಸಾಕೆಟ್‌ನಲ್ಲಿ ಮಲ್ಟಿಮೀಟರ್ ಹಿಡಿದು ನೋಡಲು ಹೇಳಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್‌ನ ಆಸುಪಾಸು ಇರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ಇರಬಾರದು. ನಿಮ್ಮ ಕ್ಯಾಬಿನೆಟ್ ಜುಮ್ಮೆನ್ನುವುದನ್ನು ನೋಡಿದರೆ ಅರ್ಥಿಂಗ್ ಕಡಿದುಹೋಗಿರಬೇಕು. ಎಸ್‌ಎಂಪಿಎಸ್‌ನೊಳಗಿನ ಫಿಲ್ಟರ್ ಕೆಪ್ಯಾಸಿಟರ್‌ಗಳಿಂದ ಅತಿ ಸಣ್ಣ ಕರೆಂಟ್ ಕ್ಯಾಬಿನೆಟ್ಟಿಗೆ ಸೋರುತ್ತಲೇ ಇರುತ್ತದೆ, ಅರ್ಥ್ ಇದ್ದರೆ ಅದು ನೆಲಕ್ಕೆ ಇಳಿದುಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಕೈಯನ್ನು ಹುಡುಕುತ್ತದೆ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥ್ ಗುಂಡಿಯೂ ಒಣಗುವುದರಿಂದ, ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಏಪ್ರಿಲ್‌ನಲ್ಲಿ ಕೆಲಸ ಮಾಡದಿರುವುದು ಸಾಮಾನ್ಯ. ರೀಸ್ಟಾರ್ಟ್‌ಗೆ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಜೀವಕ್ಕೆ ಸಂಬಂಧಿಸಿದ ವಿಷಯವಾದ್ದರಿಂದ ಬೇರೆಲ್ಲಕ್ಕಿಂತ ಮೊದಲು ಇದನ್ನು ಸರಿಪಡಿಸಿಕೊಳ್ಳಿ. ಹಾಗೆಯೇ ಸ್ವಿಚ್‌ಬೋರ್ಡಿನ ಹಿಂದಿನ ಸ್ಕ್ರೂಗಳನ್ನು ಬಿಗಿ ಮಾಡಿಸಿ, ಸಡಿಲವಾದ ಅಥವಾ ಕಪ್ಪಾದ ಸಾಕೆಟ್ ಇದ್ದರೆ ಬದಲಿಸಿ, ಎಕ್ಸ್‌ಟೆನ್ಷನ್ ಬೋರ್ಡನ್ನು ಬಿಟ್ಟು ನೇರ ಗೋಡೆಯಿಂದಲೇ ಕರೆಂಟ್ ಕೊಡಿ. ಸಾಕೆಟ್‌ನಲ್ಲಿ ವೋಲ್ಟೇಜ್ ಸದಾ ಕಡಿಮೆಯೇ ಇದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಇಟ್ಟುಕೊಳ್ಳಿ.

ಇನ್ವರ್ಟರ್ ಕೂಡ ಸಂಶಯದ ಪಟ್ಟಿಯಲ್ಲಿದೆ. ಕರೆಂಟ್ ಹೋದಾಗ ಅದು ಬ್ಯಾಟರಿಗೆ ಬದಲಾಗುವ ಅವಧಿ ಫ್ಯಾನು ದೀಪಗಳಿಗೆ ಲೆಕ್ಕಕ್ಕಿಲ್ಲ, ಕಂಪ್ಯೂಟರ್‌ಗೆ ಲೆಕ್ಕಕ್ಕಿದೆ. ಅನೇಕ ಇನ್ವರ್ಟರ್‌ಗಳ ಹಿಂಭಾಗದಲ್ಲಿ ‘ಯುಪಿಎಸ್’ ಮತ್ತು ‘ಎಕೋ’ ಅಥವಾ ‘ನಾರ್ಮಲ್’ ಎಂಬ ಸ್ವಿಚ್ ಇರುತ್ತದೆ; ‘ಯುಪಿಎಸ್’ ಕಡೆಗೆ ಇಟ್ಟರೆ ಬದಲಾವಣೆ ಬೇಗ ಆಗುತ್ತದೆ. ಚೌಕ ಅಲೆಯ ಇನ್ವರ್ಟರ್ ಆಗಿದ್ದರೆ ಆ್ಯಕ್ಟಿವ್ ಪಿಎಫ್‌ಸಿ (ವಿದ್ಯುತ್ತಿನ ಅಲೆಗೆ ತಕ್ಕಂತೆ ಕರೆಂಟ್ ಎಳೆಯುವ ವ್ಯವಸ್ಥೆ) ಇರುವ ಎಸ್‌ಎಂಪಿಎಸ್‌ಗಳು ಅದರ ಜೊತೆ ಹೊಂದಿಕೊಳ್ಳದೆ ನಿಂತುಬಿಡುವುದುಂಟು. ಆಟವನ್ನು ಸೇವ್ ಮಾಡಿಕೊಂಡು, ಅದು ನಡೆಯುತ್ತಿರುವಾಗಲೇ ಇನ್ವರ್ಟರ್‌ಗೆ ಬರುವ ಮೇನ್ ಸ್ವಿಚ್ಚನ್ನು ಒಮ್ಮೆ ಆಫ್ ಮಾಡಿಸಿ ನೋಡಿ. ಅದೇ ಕ್ಷಣ ರೀಸ್ಟಾರ್ಟ್ ಆದರೆ ಒಂದು ಕಾರಣವಂತೂ ನಿಮ್ಮ ಕೈಗೆ ಸಿಕ್ಕಂತೆ. ಸಾಧ್ಯವಾದರೆ ಇಡೀ ಕಂಪ್ಯೂಟರನ್ನು ಗಿರಣಿಗಳಿಂದ ದೂರವಿರುವ ಸಂಬಂಧಿಕರ ಮನೆಗೆ ಒಯ್ದು ಎರಡು ದಿನ ಅದೇ ಆಟ ಆಡಿ. ಅಲ್ಲಿ ಒಮ್ಮೆಯೂ ನಿಲ್ಲದಿದ್ದರೆ ಕಂಪ್ಯೂಟರ್ ಒಳಗೆ ಕೈಹಾಕುವ ಅಗತ್ಯವೇ ಇಲ್ಲ. ಅಲ್ಲಿಯೂ ನಿಂತರೆ ಗೋಡೆಯ ವಿಚಾರ ಅಲ್ಲಿಗೆ ಮುಗಿಯಿತು.

ಹಾಗಾದ ಪಕ್ಷದಲ್ಲಿ ಮುಂದಿನ ಸರದಿ ಎಸ್‌ಎಂಪಿಎಸ್‌ನದು. ಕಾರ್ಡ್ ತಯಾರಕರು 3070ಕ್ಕೆ 650 ವ್ಯಾಟ್‌ನ ಎಸ್‌ಎಂಪಿಎಸ್ ಶಿಫಾರಸು ಮಾಡುತ್ತಾರೆ. ನಿಮ್ಮ ಪ್ರೊಸೆಸರ್, ಕಾರ್ಡ್ ಹಾಗೂ ಉಳಿದವನ್ನೆಲ್ಲ ಕೂಡಿದರೂ 400 ವ್ಯಾಟ್ ದಾಟುವುದು ಕಷ್ಟ, ಹಾಗಿದ್ದರೆ 550 ಏಕೆ ಸಾಲದು ಎಂದು ನೀವು ಕೇಳಬಹುದು. 220 ವ್ಯಾಟ್ ಎಂಬುದು ಸರಾಸರಿ. ಈ ತಲೆಮಾರಿನ ಕಾರ್ಡ್‌ಗಳು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಅದಕ್ಕಿಂತ ಬಹಳ ಹೆಚ್ಚು ಎಳೆದುಬಿಡುತ್ತವೆ, ಹಳೆಯ ವಿನ್ಯಾಸದ ಎಸ್‌ಎಂಪಿಎಸ್ ಅದನ್ನು ಅಪಾಯವೆಂದು ತಿಳಿದು ಕೈಬಿಡುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡವು ಎಸ್‌ಎಂಪಿಎಸ್ ತನ್ನ ಅಳತೆಯ ಎರಡು ಪಟ್ಟಿನ ಹೊರೆಯನ್ನೂ 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕೆಂದು ಹೇಳಿರುವುದು ಇದೇ ಕಾರಣಕ್ಕೆ.

ಇದನ್ನು ಪರೀಕ್ಷಿಸಲು ಹೊಸ ಎಸ್‌ಎಂಪಿಎಸ್ ಬೇಕಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶದಲ್ಲಿ ಕಾರ್ಡಿನ ‘ಪವರ್ ಲಿಮಿಟ್’ ಅನ್ನು 60 ಪ್ರತಿಶತಕ್ಕೆ ಇಳಿಸಿ, ಆಟದಲ್ಲಿ ಫ್ರೇಮ್‌ಗಳನ್ನು 60ಕ್ಕೆ ಮಿತಿಗೊಳಿಸಿ ಕೆಲವು ದಿನ ಆಡಿ. ರೀಸ್ಟಾರ್ಟ್ ನಿಂತುಹೋದರೆ ಕಾರ್ಡ್ ಒಳ್ಳೆಯದೇ ಇದೆ, ಅದಕ್ಕೆ ಉಣಿಸುವವರಲ್ಲಿ ಶಕ್ತಿ ಸಾಲುತ್ತಿಲ್ಲ ಎಂಬ ತೀರ್ಮಾನಕ್ಕೆ ಬರಬಹುದು. ಕಾರ್ಡಿಗೆ ಎರಡು ಪಿನ್-ಗುಂಪುಗಳಿದ್ದರೆ, ಒಂದೇ ಕೇಬಲಿನ ಎರಡು ತುದಿಗಳನ್ನು ಚುಚ್ಚದೆ ಎಸ್‌ಎಂಪಿಎಸ್‌ನಿಂದ ಎರಡು ಪ್ರತ್ಯೇಕ ಕೇಬಲ್ ಎಳೆಯಿರಿ. 12 ವೋಲ್ಟ್ ಸಾಲು ಹೊರೆಯಲ್ಲಿ 11.4ರಿಂದ 12.6ರ ನಡುವೆ ಇರಬೇಕು. ವೋಲ್ಟೇಜ್, ಉಷ್ಣತೆ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದ ಅಂಕಿ ಕೆಲವು ಬೋರ್ಡ್‌ಗಳಲ್ಲಿ ತಪ್ಪಿರುವುದರಿಂದ, ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದು ನೋಡುವುದೇ ನಂಬಿಕೆಗೆ ಅರ್ಹ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೀರಿದ ವಿದ್ಯುತ್ ಉಳಿದಿರಬಹುದು.

ಸುಮ್ಮನೆ ಇಟ್ಟಾಗಲೂ ಅಪರೂಪಕ್ಕೆ ನಿಂತಿದೆ ಎಂದು ಬರೆದಿದ್ದೀರಿ. ಅದು ಕೂಡ ವೋಲ್ಟೇಜ್‌ನ ಕಾರಣಕ್ಕೇ ಆಗಿರಬಹುದು, ಆದರೂ ಮೂರು ಸಣ್ಣ ಕೆಲಸ ಮಾಡಿ. ಮದರ್‌ಬೋರ್ಡಿನಿಂದ ಕ್ಯಾಬಿನೆಟ್ಟಿನ ರೀಸೆಟ್ ಬಟನ್ನಿನ ಎರಡು ತಂತಿಗಳನ್ನು ಕಿತ್ತಿಡಿ, ಏಕೆಂದರೆ ಆ ಬಟನ್ ಒಳಗೇ ಅಂಟಿಕೊಂಡು ರೀಸ್ಟಾರ್ಟ್ ಮಾಡಿಸುವುದುಂಟು. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುನ್ನ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್) ರ‍್ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಹಾಗೂ ಪ್ರೊಸೆಸರ್‌ನ ವೇಗ ಹೆಚ್ಚಿಸುವ ಓವರ್‌ಕ್ಲಾಕ್ ಇದ್ದರೆ ತೆಗೆಯಿರಿ. ಅಲ್ಲಿಯೇ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಎಂಬುದನ್ನು ‘ಟಿಪಿಕಲ್ ಕರೆಂಟ್ ಐಡಲ್’ಗೆ ಇಡಿ, ರೈಜನ್ ಪ್ರೊಸೆಸರ್ ಸುಮ್ಮನಿರುವಾಗ ತೀರಾ ಕಡಿಮೆ ಕರೆಂಟ್ ಎಳೆಯುವುದನ್ನು ಕೆಲವು ಎಸ್‌ಎಂಪಿಎಸ್‌ಗಳು ತಾಳಿಕೊಳ್ಳುವುದಿಲ್ಲ. ಇವೆಂಟ್ ವ್ಯೂವರ್‌ನಲ್ಲಿ 41ರ ಜೊತೆಗೆ ‘ಡಬ್ಲ್ಯೂಎಚ್‌ಇಎ-ಲಾಗರ್ 18’ ಎಂಬ ಯಂತ್ರಾಂಶ ದೋಷದ ದಾಖಲೆ ಪದೇ ಪದೇ ಕಂಡರೆ ಮಾತ್ರ ಪ್ರೊಸೆಸರ್ ಅಥವಾ ಬೋರ್ಡಿನ ಕಡೆ ಅನುಮಾನ ತಿರುಗಬೇಕು. ಪ್ರತಿ ಬದಲಾವಣೆಯನ್ನೂ ಒಂದೊಂದಾಗಿಯೇ ಮಾಡಿ. ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ಎಂದಿಗೂ ತಿಳಿಯುವುದಿಲ್ಲ.

ತಂದೆಯವರು ಕೊಡುವ ಹಣದ ಮಾತಿಗೆ ಬರುತ್ತೇನೆ. ನಿಮ್ಮ ನೋಟ್‌ಬುಕ್ ಗೋಡೆಯ ಕಡೆ ಬೆರಳು ತೋರಿಸಿದರೆ ಆ ಹಣವನ್ನು ಶುದ್ಧ ಸೈನ್ ಅಲೆಯ, ವೋಲ್ಟೇಜ್ ಸರಿಪಡಿಸುವ ವ್ಯವಸ್ಥೆಯುಳ್ಳ 1000 ವಿಎ ಯುಪಿಎಸ್‌ಗೆ ಹಾಕಿ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಮಾತ್ರ ಹೊರುವುದರಿಂದ ನಿಮಗೆ ಸಾಲದು, ಆಟದ ನಡುವೆ ಅದೇ ಕೈಕೊಡುತ್ತದೆ. ಪವರ್ ಲಿಮಿಟ್ ಪರೀಕ್ಷೆ ಎಸ್‌ಎಂಪಿಎಸ್ ಕಡೆ ತೋರಿಸಿದರೆ, ಹೆಸರಾಂತ ಕಂಪನಿಯ 650 ಅಥವಾ 750 ವ್ಯಾಟ್‌ನ, 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುವುದೆಂದು ಲೇಬಲ್ಲಿನ ಮೇಲೆ ಬರೆದಿರುವ ಎಸ್‌ಎಂಪಿಎಸ್ ಕೊಳ್ಳಿ. 200ರಿಂದ 240 ಎಂದಿರುವುದು ವೋಲ್ಟೇಜ್ ಕುಸಿಯುವ ನಿಮ್ಮಂತಹ ಮನೆಗೆ ತಕ್ಕುದಲ್ಲ.

ಪ್ರಶ್ನೆ: ರಾಯಚೂರಿನಲ್ಲಿ ನಮ್ಮ ಹುಡುಗನ ಗೇಮಿಂಗ್ ಕಂಪ್ಯೂಟರ್ ಬೇಸಿಗೆಯ ಮಧ್ಯಾಹ್ನಗಳಲ್ಲಿ ಮಾತ್ರ ಆಫ್ ಆಗುತ್ತದೆ, ತಾನಾಗಿ ಮತ್ತೆ ಆನ್ ಆಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ. ಲಿಕ್ವಿಡ್ ಕೂಲಿಂಗ್ ಹಾಕಿಸಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಹಾಕಿಸಬೇಕೇ?

ಉತ್ತರ: ಆಫ್ ಆಗಿ ಹಾಗೆಯೇ ಉಳಿಯುವುದು, ತಣ್ಣಗಾದ ಮೇಲೆ ಆನ್ ಆಗುವುದು ಬಿಸಿಯ ಲಕ್ಷಣ. ಈಗಿನ ಪ್ರೊಸೆಸರ್‌ಗಳು 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ, ಅದನ್ನೂ ಮೀರಿದರೆ ತಮ್ಮನ್ನು ಉಳಿಸಿಕೊಳ್ಳಲು ಕಂಪ್ಯೂಟರನ್ನೇ ಆರಿಸುತ್ತವೆ. ಲಿಕ್ವಿಡ್ ಕೂಲಿಂಗ್‌ಗೆ ಅವಸರ ಮಾಡಬೇಡಿ. ಗಾಳಿಯಿಂದಾಗಲಿ, ದ್ರವದಿಂದಾಗಲಿ, ಯಾವ ಕೂಲರ್ ಕೂಡ ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. 28 ಡಿಗ್ರಿಯ ಕೋಣೆಯಲ್ಲಿ 75 ಡಿಗ್ರಿ ತೋರಿಸುವ ಪ್ರೊಸೆಸರ್, ರಾಯಚೂರಿನ ಮೇ ತಿಂಗಳಲ್ಲಿ ಕೋಣೆ 40 ತಲುಪಿದಾಗ ಅದೇ ಹೊರೆಗೆ 87ರ ಹತ್ತಿರ ಹೋಗುತ್ತದೆ. ಇದಕ್ಕೆ ಧೂಳು ಸೇರಿದರೆ ಉಳಿದ ಅಂತರವೂ ಮುಗಿಯುತ್ತದೆ.

ಕ್ಯಾಬಿನೆಟ್ಟಿನ ಪಕ್ಕದ ಹಲಗೆ ತೆಗೆದು, ಪ್ರೊಸೆಸರ್ ಮೇಲಿನ ಕೂಲರ್‌ನ ಫ್ಯಾನ್ ಬಿಚ್ಚಿ, ಅದರ ಕೆಳಗಿನ ಅಲ್ಯುಮಿನಿಯಂ ಪಟ್ಟಿಗಳ ನಡುವೆ ನೋಡಿ. ಹತ್ತಿ ಮಾರುಕಟ್ಟೆ ಅಥವಾ ಜಿನ್ನಿಂಗ್ ಇರುವ ಕಡೆ ಅಲ್ಲಿ ಬೂದು ಬಣ್ಣದ ತೆಳು ಕಂಬಳಿಯಂತೆ ಎಳೆಗಳು ಹೆಣೆದುಕೊಂಡಿರುತ್ತವೆ. ಮೇಲಿನಿಂದ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಅದರ ಮೂಲಕ ಗಾಳಿ ದಾಟುವುದಿಲ್ಲ. ಬ್ಲೋವರ್‌ನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅತಿವೇಗದಿಂದ ತಿರುಗಿ ಬೇರಿಂಗ್ ಹಾಳಾಗುತ್ತದೆ. ಕೂಲರ್ ತೆಗೆದಾಗಲೆಲ್ಲ ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಬೇಕು, ನಾಲ್ಕೂ ಸ್ಕ್ರೂಗಳನ್ನು ಸಮನಾಗಿ ಬಿಗಿಯಬೇಕು. ಕ್ಯಾಬಿನೆಟ್ ಗೋಡೆಗೆ ಒತ್ತಿಕೊಂಡಿದ್ದರೆ ಒಂದು ಅಡಿಯಾದರೂ ಮುಂದಕ್ಕೆ ಎಳೆಯಿರಿ.

ನಮ್ಮ ಕಡೆ ಅನೇಕರು ಒಳ್ಳೆಯ ಉದ್ದೇಶದಿಂದಲೇ ಮಾಡುವ ಒಂದು ಕೆಲಸದ ಬಗ್ಗೆ ಎಚ್ಚರಿಸಬೇಕಾಗಿದೆ. ನೀರು ಹಾಕುವ ಏರ್ ಕೂಲರನ್ನು ಕಂಪ್ಯೂಟರ್ ಎದುರಿಗೇ ತಿರುಗಿಸಿ ಇಡಬೇಡಿ. ಅದರ ತೇವ, ನೀರಿನ ಸಣ್ಣ ಹನಿಗಳು ಹಾಗೂ ಅವು ಒಣಗಿದ ಮೇಲೆ ಉಳಿಯುವ ಉಪ್ಪು ಬೋರ್ಡಿನ ಮೇಲೆ ಕೂತು, ಒಳಗಿರುವ ಧೂಳನ್ನು ವಿದ್ಯುತ್ ಹರಿಯುವ ಪದರವನ್ನಾಗಿ ಮಾಡುತ್ತವೆ. ಕೋಣೆ ತಂಪಾಗಲಿ, ಗಾಳಿ ಮಾತ್ರ ನೇರವಾಗಿ ಬೀಳದಿರಲಿ. ಇಷ್ಟೆಲ್ಲ ಮಾಡಿದ ಮೇಲೂ ಎಚ್‌ಡಬ್ಲ್ಯೂಇನ್ಫೋದಲ್ಲಿ ಪ್ರೊಸೆಸರ್ 90 ದಾಟುತ್ತಿದ್ದರೆ ಒಳ್ಳೆಯದೊಂದು ದೊಡ್ಡ ಏರ್ ಕೂಲರ್ ಹಾಕಿಸಿ, ಅಂದರೆ ಪ್ರೊಸೆಸರ್ ಮೇಲೆ ಕೂರಿಸುವ ಗೋಪುರದಂತಹದು. ಲಿಕ್ವಿಡ್ ಕೂಲರ್‌ನ ಪಂಪ್ ನಿಂತುಹೋಗುವ ಚಿಂತೆ ಅದರಲ್ಲಿಲ್ಲ, ಬೆಲೆಯೂ ಕಡಿಮೆ.

ಪ್ರಶ್ನೆ: ಬಳ್ಳಾರಿಯಿಂದ ಬರೆಯುತ್ತಿದ್ದೇನೆ. 8 ಜಿಬಿಯ ಇನ್ನೊಂದು ರ‍್ಯಾಮ್ ಹಾಕಿಸಿದ ಮೇಲೆ ಆಟದಲ್ಲಿ ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುತ್ತಿದೆ, ಪ್ರತಿ ಸಲ ಬೇರೆ ಬೇರೆ ಸಂದೇಶ ಬರುತ್ತದೆ. ಹೊಸ ರ‍್ಯಾಮ್ ಬೇರೆ ಕಂಪನಿಯದು.

ಉತ್ತರ: ಸಂದೇಶ ಪ್ರತಿ ಸಲ ಬದಲಾಗುವುದು ರ‍್ಯಾಮ್ ದೋಷದ ಸ್ಪಷ್ಟ ಗುರುತು. ಬೇರೆ ಕಂಪನಿಯ ಎರಡು ರ‍್ಯಾಮ್‌ಗಳು ಒಟ್ಟಿಗೆ ನಡೆಯಲೂಬಹುದು, ನಡೆಯದಿರಲೂಬಹುದು. ಎಕ್ಸ್‌ಎಂಪಿ ವೇಗದಲ್ಲಿ ನಡೆಯದಿರುವುದೇ ಹೆಚ್ಚು. ಮೊದಲು ಬಯಾಸ್‌ನಲ್ಲಿ ಎಕ್ಸ್‌ಎಂಪಿ ತೆಗೆದು, ಎರಡನ್ನೂ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯ ಹಾಗೂ ನಾಲ್ಕನೆಯ ಸ್ಲಾಟ್‌ಗಳಿಗೆ ಹಾಕಿ. ಎರಡೇ ಸ್ಲಾಟ್ ಇರುವ ಬೋರ್ಡ್ ಆದರೆ ಈ ಎಣಿಕೆ ಬೇಕಿಲ್ಲ. ರಾತ್ರಿ ಮಲಗುವ ಮುನ್ನ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ ಬೆಳಿಗ್ಗೆ ನೋಡಿ. ಒಂದೇ ಒಂದು ದೋಷ ಕಂಡರೂ ಅದನ್ನು ಸಣ್ಣದೆಂದು ಬಿಡಬೇಡಿ. ಆಗ ಒಂದೊಂದೇ ರ‍್ಯಾಮನ್ನು ಒಂದೇ ಸ್ಲಾಟ್‌ನಲ್ಲಿಟ್ಟು ಮತ್ತೆ ಪರೀಕ್ಷಿಸಿದರೆ ದೋಷ ಯಾವುದರದೆಂದು ತಿಳಿಯುತ್ತದೆ. ಬಿಡಿಯಾಗಿ ಎರಡೂ ಪಾಸಾಗಿ ಜೋಡಿಯಾಗಿ ಮಾತ್ರ ಸೋತರೆ, ಎರಡನ್ನೂ ಕೊಟ್ಟು ಒಂದೇ ಪ್ಯಾಕಿನಲ್ಲಿ ಬರುವ ಜೋಡಿಯನ್ನು ಕೊಳ್ಳಿ. ಹೊಸದರ ಬಿಲ್ ನಿಮ್ಮಲ್ಲಿದ್ದರೆ ಬದಲಿಸಿಕೊಡುವಂತೆ ಅಂಗಡಿಯವರನ್ನು ಈ ವಾರವೇ ಕೇಳಿ, ಪರೀಕ್ಷೆಯ ಪರದೆಯ ಫೋಟೊ ಜೊತೆಗಿರಲಿ.